ಬ್ಯೂಗಲ್ ಹೊತ್ತಿನ ಗೋಲು

ದೇವಮ್ಮನಿಗೆ ಸಿಟ್ಟು ಬಂದರೆ ಮೊದಲು ಗೊತ್ತಾಗುವುದು ಪಾತ್ರೆಗಳಿಗೆ. ಆ ವಾರ ವಿಶಾಖಪಟ್ಟಣದ ನೇವಿ ಕ್ವಾರ್ಟರ್ಸಿನಲ್ಲಿ ಅವಳ ಅಡುಗೆಮನೆಯಿಂದ ಬರುತ್ತಿದ್ದ ಸದ್ದು ಕೇಳಿ, ಸಕ್ಕರೆ ಸಾಲ ಕೇಳಲು ಬಂದ ಪಕ್ಕದ ಮನೆಯ ಕೋಟೇಶ್ವರಮ್ಮ ಬಾಗಿಲಿಂದಲೇ ವಾಪಸು ಹೋದಳು. ಸಿಟ್ಟು ಒಬ್ಬರ ಮೇಲಾಗಿದ್ದರೆ ಬೈದು ಮುಗಿಸಬಹುದಿತ್ತು. ಮಗನ ಕಾಲೇಜಿನ ಮೇಲೆ ಸಿಟ್ಟು, ಕಾಲೇಜಿನ ಫುಟ್‌ಬಾಲ್ ತಂಡದ ಮೇಲೆ ಸಿಟ್ಟು, ಎಲ್ಲಕ್ಕಿಂತ ಹೆಚ್ಚಾಗಿ ನಡುಮನೆಯಲ್ಲಿ ಕೂತು ಬೂಟಿಗೆ ಪಾಲಿಶ್ ಹಚ್ಚುತ್ತಿದ್ದ ಗಂಡ ತಿಮ್ಮಯ್ಯನ ಮೇಲೆ ಸಿಟ್ಟು. ಮನೆ ಹತ್ತಿ ಉರಿಯುವಾಗ ಬೂಟು ತಿಕ್ಕುತ್ತಾ ಕೂರುವ ಗಂಡಸಿಗೆ ಏನನ್ನಬೇಕು, ನೀವೇ ಹೇಳಿ.

ಉರಿಯುತ್ತಿದ್ದದ್ದು ಮಗ ಅಶ್ವತ್ಥ. ಬಿ.ಕಾಂ. ಕೊನೆಯ ವರ್ಷ, ಕಾಲೇಜು ತಂಡದ ಗೋಲ್ ಕೀಪರ್. ಆ ಕಾಲೇಜಿನ ಫುಟ್‌ಬಾಲ್ ತಂಡವೆಂದರೆ ಬೇರೆ ಕಾಲೇಜಿನವರು ಗೋಲು ಹೊಡೆಯುವುದನ್ನು ಕಲಿಯಲೆಂದೇ ಇರುವ ತಂಡ ಎಂದು ಊರೆಲ್ಲ ಆಡಿಕೊಳ್ಳುತ್ತಿತ್ತು. ಎಂಬತ್ತೆಂಟರ ಮಳೆಗಾಲ ಮುಗಿದು ಕರಾವಳಿ ಜಿಲ್ಲೆಗಳ ಅಂತರ್‌ಕಾಲೇಜು ಷೀಲ್ಡಿನ ಪಂದ್ಯಗಳು ಶುರುವಾದಾಗ ಅಶ್ವತ್ಥ ಗೋಲಿನಲ್ಲಿ ನಿಂತ. ಅನಕಾಪಲ್ಲಿಯ ಕೆಸರಿನಲ್ಲಿ ಬಿದ್ದು ಹಿಡಿದ, ವಿಜಯನಗರಂನಲ್ಲಿ ಹುಬ್ಬು ಒಡೆಸಿಕೊಂಡು ಹಿಡಿದ. ಮುಂದಿನವರು ಹೇಗೋ ಒಂದು ಗೋಲು ಹೊಡೆದುಕೊಂಡು ಬಂದರೆ ಸಾಕು, ಹಿಂದೆ ಅವನಿದ್ದಾನೆ ಅನ್ನುವ ಧೈರ್ಯ ತಂಡಕ್ಕೆ ಬಂತು. ಆಡಿಕೊಳ್ಳುತ್ತಿದ್ದ ಊರು ಬಾಯಿ ಮುಚ್ಚಿತು.

ಆ ದಿನಗಳಲ್ಲಿ ದೇವಮ್ಮನ ಮನೆ ಅರ್ಧ ತಂಡಕ್ಕೆ ಹೋಟೆಲಾಗಿತ್ತು. ಊರು ನಾಗಮಂಗಲದಿಂದ ಟ್ರಂಕಿನಲ್ಲಿ ಬರುತ್ತಿದ್ದ ರಾಗಿಹಿಟ್ಟು ಅಭ್ಯಾಸ ಮುಗಿಸಿ ಬಂದ ಹುಡುಗರ ಹೊಟ್ಟೆಗೆ ಹೋಗುತ್ತಿತ್ತು. ಕ್ಯಾಪ್ಟನ್ ಜಗನ್ಮೋಹನ್ ಅಂತೂ 'ಆಂಟೀ, ಸಂಗಟಿ' ಎಂದು ತೆಲುಗಿನಲ್ಲಿ ಮುದ್ದೆ ಕೇಳಿಕೊಂಡು ನೇರ ಅಡುಗೆಮನೆಗೇ ಬಂದು ಕೂರುತ್ತಿದ್ದ. ಇಕ್ಕಿದಷ್ಟು ಉಣ್ಣುತ್ತಿದ್ದ. ಈಗ ಅವನ ಹೆಸರು ಕಿವಿಗೆ ಬಿದ್ದರೆ ದೇವಮ್ಮನ ಕೈಯಲ್ಲಿದ್ದ ಸೌಟು ತಾನಾಗಿ ಮೇಲಕ್ಕೇಳುತ್ತಿತ್ತು. ಉಂಡ ಮನೆಗೆ ಎರಡು ಬಗೆದವನಿಗೆ ಬೇರೆ ಯಾವ ಮರ್ಯಾದೆ?

ಆದದ್ದು ಇಷ್ಟು. ಲೀಗಿನ ಕೊನೆಯ ಪಂದ್ಯ ಇತ್ತು. ಕಾಲೇಜಿನ ಮೈದಾನದಲ್ಲಿ ನೀರು ನಿಂತಿದ್ದರಿಂದ ನೇವಿಯವರನ್ನು ಕೇಳಿಕೊಂಡು ಅವರ ಗ್ರೌಂಡಿನಲ್ಲಿ ಇಟ್ಟುಕೊಂಡರು. ಕ್ವಾರ್ಟರ್ಸಿನ ಹಿಂದಿನ ಗೋಡೆ ದಾಟಿದರೆ ಆ ಗ್ರೌಂಡೇ. ಮಧ್ಯಾಹ್ನ ಶುರುವಾಗಬೇಕಾದ ಆಟಕ್ಕೆ ಮುಖ್ಯ ಅತಿಥಿ ಹೊತ್ತಿಗೆ ಸರಿಯಾಗಿ ಬರಲಿಲ್ಲ. ಯಾರೋ ದೊಡ್ಡ ಮನುಷ್ಯ. ಉಂಡು ಮಲಗಿ ಎದ್ದು ಬಂದನೋ ಏನೋ. ಬಂದಮೇಲೆ ಹಾರ ಹಾಕಿಸಿಕೊಂಡ, ಯುವಶಕ್ತಿಯ ಮೇಲೆ ಭಾಷಣ ಬಿಗಿದ, ಚೆಂಡಿಗೆ ಒಂದು ಒದೆ ಕೊಟ್ಟು ಫೋಟೋ ತೆಗೆಸಿಕೊಂಡ. ಅಷ್ಟರಲ್ಲಿ ಹೊತ್ತು ಇಳಿಮುಖವಾಗಿತ್ತು. ಆಟ ಮುಗಿಯುವ ಮೊದಲೇ ಸೂರ್ಯ ಮುಳುಗುತ್ತಾನೆ ಎಂದು ಗೋಡೆಯಾಚೆ ಬಟ್ಟೆ ಒಗೆಯುವ ಕಲ್ಲು ಹತ್ತಿ ನಿಂತಿದ್ದ ಹೆಂಗಸರಿಗೆಲ್ಲ ಗೊತ್ತಿತ್ತು. ಸೂರ್ಯ ಮುಳುಗಿದರೆ ಏನಾಗುತ್ತದೆ ಅನ್ನುವುದೂ ಗೊತ್ತಿತ್ತು.

ನೇವಿಯಲ್ಲಿ ಸೂರ್ಯ ಮುಳುಗುವ ಹೊತ್ತಿಗೆ ಬಾವುಟ ಇಳಿಸುತ್ತಾರೆ. ಇಳಿಸುವಾಗ ಬ್ಯೂಗಲ್ ಊದುತ್ತಾರೆ. ಅದು ಕಿವಿಗೆ ಬಿದ್ದ ಕೂಡಲೇ ಹೊರಗಿರುವ ಪ್ರತಿಯೊಬ್ಬನೂ ಇದ್ದಲ್ಲೇ ನಿಂತು, ಬ್ಯೂಗಲ್ ಬರುವ ಕಡೆ ಮುಖ ಮಾಡಿ, ಹಿಮ್ಮಡಿ ಜೋಡಿಸಿ, ಅದು ಮುಗಿಯುವ ತನಕ ಅಲುಗಾಡಬಾರದು. ಸೈಕಲ್ ಮೇಲಿದ್ದವನು ಇಳಿದು ನಿಲ್ಲಬೇಕು. ಕ್ವಾರ್ಟರ್ಸಿನ ಮಕ್ಕಳಿಗೆ ಅಆಇಈಗಿಂತ ಮೊದಲು ಬರುವ ಪಾಠ ಅದೇ. ಅಶ್ವತ್ಥನಿಗೆ ಐದು ವರ್ಷವಾಗಿದ್ದಾಗ ಒಂದು ಸಂಜೆ ಬ್ಯೂಗಲ್ ನಡುವೆ ಗೋಲಿಯ ಹಿಂದೆ ಓಡಿದ. ತಿಮ್ಮಯ್ಯ ಬ್ಯೂಗಲ್ ಮುಗಿಯುವ ತನಕ ಕಾದು ಕೆನ್ನೆಗೆ ಬಿಗಿದ. ಮಾರನೇ ದಿನ ಸಂಜೆಗೆ ಮೊದಲೇ ಅದೇ ಜಾಗದಲ್ಲಿ ತಂದು ನಿಲ್ಲಿಸಿದ. ಹುಡುಗ ಹೆದರಿ ನಿಂತಲ್ಲೇ ಚಡ್ಡಿ ಒದ್ದೆ ಮಾಡಿಕೊಂಡರೂ ಅಲುಗಾಡಲಿಲ್ಲ. 'ಈಗ ಸರಿಯಾಯ್ತು' ಎಂದ ಆ ಮಹಾನುಭಾವ. ಚಡ್ಡಿ ಒಗೆದವಳು ದೇವಮ್ಮ.

ಆ ಪಂದ್ಯದ ದಿನವೂ ಬ್ಯೂಗಲ್ ತನ್ನ ಹೊತ್ತಿಗೆ ಸರಿಯಾಗಿ ಊದಿತು. ಅಶ್ವತ್ಥನ ತಂಡ ಒಂದು ಗೋಲು ಮುಂದಿತ್ತು, ಆಟ ಇನ್ನೇನು ಮುಗಿಯುವುದರಲ್ಲಿತ್ತು. ಹಗ್ಗದಾಚೆ ನೋಡುತ್ತಿದ್ದ ನೇವಿಯವರೆಲ್ಲ ಒಟ್ಟಿಗೆ ಬಾವುಟದ ಕಡೆ ತಿರುಗಿ ನಿಂತರು. ಮೈದಾನದ ಹುಡುಗರಿಗೆ ಇದೆಲ್ಲ ಏನು ಗೊತ್ತು, ರೆಫ್ರಿಯೂ ಊರಿನವನೇ, ಆಟ ನಡೆಯುತ್ತಲೇ ಇತ್ತು. ಎದುರು ತಂಡದವನೊಬ್ಬ ದೂರದಿಂದ ಸುಮ್ಮನೆ ಒದ್ದ ಚೆಂಡು ಪುಟಿಯುತ್ತಾ, ಉರುಳುತ್ತಾ, ದಾರಿ ಕೇಳಿಕೊಂಡು ಬರುವ ನೆಂಟನ ಹಾಗೆ ಗೋಲಿನ ಕಡೆ ಬಂತು. ಹಾಲು ಕುಡಿಯುವ ಮಗು ಬೇಕಾದರೂ ಕಾಲು ಅಡ್ಡ ಇಟ್ಟು ತಡೆಯಬಹುದಿತ್ತು. ಅಶ್ವತ್ಥ ತಡೆಯಲಿಲ್ಲ. ಹಿಮ್ಮಡಿ ಜೋಡಿಸಿ, ಕೈ ತೊಡೆಗೆ ಅಂಟಿಸಿ, ಬಾವುಟದ ಕಡೆ ಮುಖ ಮಾಡಿ ನಿಂತಿದ್ದ. ಚೆಂಡು ಅವನ ಬೂಟಿನ ಪಕ್ಕದಲ್ಲೇ ಒಳಗೆ ಹೋಯಿತು.

ಕಲ್ಲಿನ ಮೇಲೆ ನಿಂತ ದೇವಮ್ಮ ಎಲ್ಲ ನೋಡಿದಳು. ಚೆಂಡು ಬರುವುದೂ ಕಂಡಿತು, ಮಗ ನಿಂತದ್ದೂ ಕಂಡಿತು. 'ಮಗಾ, ಚೆಂಡು' ಎಂದು ಕೂಗಬೇಕೆಂದು ಬಾಯಿಗೆ ಬಂತು. ಕೂಗಲಿಲ್ಲ. ಏಕೆಂದರೆ ಅವಳೂ ಆ ಕಲ್ಲಿನ ಮೇಲೆ ಹಿಮ್ಮಡಿ ಜೋಡಿಸಿ ನಿಂತಿದ್ದಳು. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಗಂಡ ಅವಳಿಗೂ ಅದನ್ನೇ ಕಲಿಸಿದ್ದ.

ಪಂದ್ಯ ಸಮವಾಯಿತು. ಗೆದ್ದಿದ್ದರೆ ನೇರ ಫೈನಲ್, ಈಗ ಇನ್ನೊಂದು ಪಂದ್ಯ ಆಡಬೇಕಾಯಿತು. ಕಾಲೇಜಿನವರು ಅಷ್ಟಕ್ಕೇ ಸುಮ್ಮನಿದ್ದರೇ? ಅತಿಥಿ ತಡವಾಗಿ ಬಂದದ್ದು ಯಾರ ಬಾಯಲ್ಲೂ ಬರಲಿಲ್ಲ. ಕಾಲೇಜಿನ ಪಿ.ಡಿ., ಅಂದರೆ ಆಟದ ಮೇಷ್ಟ್ರು ರಾಮಮೋಹನ್, ಎಲ್ಲರ ಮುಂದೆ 'ನೀನು ಮಿಲಿಟರಿಗೆ ಹೋಗಪ್ಪಾ, ನನ್ನ ತಂಡಕ್ಕೆ ಬೇಡ' ಎಂದು ಜೆರ್ಸಿ ಬಿಚ್ಚಿಸಿ ಗಾಜುವಾಕದ ಒಬ್ಬ ಹುಡುಗನಿಗೆ ಕೊಟ್ಟ. ಕೋತಿ ತಾನು ತಿಂದು ಮೇಕೆಯ ಬಾಯಿಗೆ ಒರೆಸಿತಂತೆ. ಮಾರನೆಯ ದಿನದಿಂದ ಅಶ್ವತ್ಥನಿಗೆ ಕಾಲೇಜಿನಲ್ಲಿ ಹೆಸರೇ ಬದಲಾಯಿತು, 'ಸೆಲ್ಯೂಟ್' ಎಂದು. ಇಟ್ಟವನು ಜಗನ್ಮೋಹನ್. ಬಸ್ ಸ್ಟಾಪಿನಲ್ಲಿ, ಕ್ಯಾಂಟೀನಿನಲ್ಲಿ, ಅವನನ್ನು ಕಂಡಲ್ಲೆಲ್ಲ ಹುಡುಗರು ಬೂಟು ಕುಟ್ಟಿ ಸೆಲ್ಯೂಟ್ ಹೊಡೆದರು. ಎರಡು ದಿನ ಹೋದ, ಮೂರನೇ ದಿನ ಹೋಗಲಿಲ್ಲ. ಗೋಡೆಗೆ ಮುಖ ಮಾಡಿ ಮಲಗಿದ.

'ಉಣ್ಣು ಏಳ್ಲಾ ಮಗ' ಎಂದಳು ದೇವಮ್ಮ.

'ಊರ್ಕೋ ಅವ್ವ' ಎಂದ ಅವನು. ಸುಮ್ಮನಿರು ಅನ್ನುವುದಕ್ಕೆ ಅವನ ಬಾಯಿಗೆ ಬರುತ್ತಿದ್ದದ್ದು ತೆಲುಗೇ. 'ನಾನಿನ್ನು ಕಾಲೇಜಿಗೆ ಹೋಗಲ್ಲ. ಬಂದರಿನಲ್ಲಿ ಮೂಟೆ ಹೊರ್ತೀನಿ.'

ಇಷ್ಟೆಲ್ಲ ನಡೆಯುವಾಗ ತಿಮ್ಮಯ್ಯ ಹಡಗಿನಲ್ಲಿದ್ದ. ಮರಳಿ ಬಂದಮೇಲೆ ವಿಷಯ ಕೇಳಿ, ಮಗನ ಬೆನ್ನಿಗೊಂದು ತಟ್ಟಿ, 'ಸರಿಯಾಗಿ ಮಾಡ್ದೆ' ಎಂದ. ಮಗ ಎದ್ದು ಹೊರಗೆ ಹೋದ. ಅವತ್ತಿನಿಂದ ಅಪ್ಪನ ಜೊತೆ ಮಾತಿಲ್ಲ. ದೇವಮ್ಮನ ಮೈ ಉರಿದು ಹೋಯಿತು.

'ನೀವು ಒಂದ್ಸಲ ಆ ಮೇಷ್ಟ್ರ ತಾವ ಓಗಿ' ಎಂದಳು. 'ನನ್ನ ಮಗ ಪೆದ್ದ ಅಲ್ಲ, ನಾನೇ ಒಡೆದು ಒಡೆದು ಇಂಗೆ ಕಲ್ಸಿದೀನಿ ಅಂತ ಯೋಳಿ. ಅಷ್ಟು ಯೋಳುದ್ರೆ ನಿಮ್ ಗಂಟೇನು ಓಯ್ತದೆ?'

ತಿಮ್ಮಯ್ಯ ಬೂಟಿನ ಮೂತಿಯಲ್ಲಿ ತನ್ನ ಮುಖ ನೋಡಿಕೊಂಡ. 'ತಪ್ಪು ಮಾಡಿದ್ರೆ ಹೋಗ್ತಿದ್ದೆ. ನನ್ನ ಮಗ ತಪ್ಪೇ ಮಾಡಿಲ್ವಲ್ಲ.'

'ಚೆಂಡು ಬುಟ್ಟಿದ್ದು ತಪ್ಪಲ್ವ?'

'ಲೇ, ಕೇಳಿಲ್ಲಿ. ನಾನು ನೇವಿಗೆ ಸೇರ್ದಾಗ ಕಾಲಿಗೆ ಚಪ್ಪಲಿ ಇರ್ಲಿಲ್ಲ. ಹಡಗಲ್ಲಿ ಒಬ್ಬೊಬ್ಬರಿಗೆ ಒಂದೊಂದು ಕಡೆ ಊಟ, ಒಂದೊಂದು ಕಡೆ ನಿದ್ದೆ. ಆದ್ರೆ ಆ ಬಾವುಟ ಇಳಿಯೋ ಹೊತ್ತಲ್ಲಿ ಅಡ್ಮಿರಲ್ಲೂ ಹಾಗೇ ನಿಲ್ತಾನೆ, ನಾನೂ ಹಾಗೇ ನಿಲ್ತೀನಿ. ದಿನಕ್ಕೆ ಅದೊಂದು ಗಳಿಗೆ ನನಗೂ ಅವನಿಗೂ ಭೇದ ಇಲ್ಲ. ಅದನ್ನ ನನ್ನ ಮಗನಿಗೆ ಕೊಟ್ಟಿದೀನಿ. ಅದಕ್ಕೆ ನಾನ್ಯಾಕೆ ಕ್ಷಮೆ ಕೇಳ್ಲಿ?'

ಮಾತೇನೋ ಚೆನ್ನಾಗಿತ್ತು. ಬೇರೆ ಯಾರಾದರೂ ಆಡಿದ್ದರೆ ದೇವಮ್ಮನ ಕಣ್ಣಲ್ಲಿ ನೀರೇ ಬರುತ್ತಿತ್ತೇನೋ. ಈಗ ಬಂದದ್ದು ಕೆಂಡ.

'ಅಡಗಲ್ಲಿ ನಿಂತ್ಕಳಿ, ಬ್ಯಾಡ ಅಂದೋರ್ಯಾರು. ನಿಮ್ ಅಡ್ಮಿರಲ್ಲು ಗೋಲ್ ಕಾಯಕ್ಕೆ ಬಂದಿದ್ನ?'

ತಿಮ್ಮಯ್ಯ ಇನ್ನೊಂದು ಬೂಟು ಎತ್ತಿಕೊಂಡ. ಕೋಣನ ಮುಂದೆ ಕಿನ್ನರಿ ಬಾರಿಸಿದರೆ ಕೋಣವಾದರೂ ಒಮ್ಮೆ ಕಿವಿ ಆಡಿಸುತ್ತದೆ.

ಅಷ್ಟು ಹೊತ್ತಿಗೆ ಆ ಇನ್ನೊಂದು ಪಂದ್ಯವೂ ಮುಗಿದಿತ್ತು. ಗಾಜುವಾಕದ ಹುಡುಗ ಮೂರು ಗೋಲು ಬಿಟ್ಟ, ಮುಂದಿನವರು ಹೇಗೋ ನಾಲ್ಕು ಹೊಡೆದು ಮಾನ ಉಳಿಸಿದರು. ಬೆಜವಾಡದಲ್ಲಿ ಫೈನಲ್ ಎಂದು ಗೊತ್ತಾಯಿತು. ವಿಜಯವಾಡವನ್ನು ಅಲ್ಲಿ ಎಲ್ಲರೂ ಕರೆಯುವುದು ಹಾಗೆಯೇ. ಅಲ್ಲಿಯ ಕಾಲೇಜು ಹಿಂದಿನ ವರ್ಷದ ಷೀಲ್ಡ್ ಗೆದ್ದ ತಂಡ. ಈ ಗೋಲ್ ಕೀಪರನ್ನು ಕಟ್ಟಿಕೊಂಡು ಅಲ್ಲಿಗೆ ಹೋದರೆ ಎಣಿಸಲು ಬೆರಳು ಸಾಲುವುದಿಲ್ಲ ಎಂದು ಕೋಟೇಶ್ವರಮ್ಮನ ಗಂಡ ಗೋಡೆಯಾಚೆಯಿಂದ ಹೇಳಿದ. ದೇವಮ್ಮ ಕೇಳಿಸಿಕೊಂಡಳು. ಗಂಡ ಹೋಗದಿದ್ದರೆ ಬೇಡ, ಕಾಲು ತನಗೂ ಇವೆ ಅಂದುಕೊಂಡಳು. ಒಳ್ಳೆಯ ಸೀರೆ ಉಟ್ಟು ಬಸ್ ಹತ್ತಿದಳು.

ಪಿ.ಡಿ. ರಾಮಮೋಹನ್ ಮೈದಾನದ ಪಕ್ಕದ ಕೋಣೆಯಲ್ಲಿ ಚೆಂಡಿಗೆ ಗಾಳಿ ಹೊಡೆಯುತ್ತಿದ್ದ. ಎದ್ದು ನಿಂತು 'ಕೂತ್ಕೊಳ್ಳಿ ಅಮ್ಮಾ' ಎಂದು ಕುರ್ಚಿ ತೋರಿಸಿದ. ಮರ್ಯಾದೆಗೇನೂ ಕಡಿಮೆಯಿಲ್ಲ. ದೇವಮ್ಮ ಕೂರಲಿಲ್ಲ. ಅವಳ ತೆಲುಗೆಂದರೆ ಕನ್ನಡಕ್ಕೇ ತೆಲುಗಿನ ಬಾಲ ಕಟ್ಟಿದ್ದು. ಆದರೂ ಸಿಟ್ಟಿಗೆ ವ್ಯಾಕರಣ ಬೇಕಿಲ್ಲವಲ್ಲ, ಹೇಳಬೇಕಾದ್ದು ಅವನಿಗೆ ಪೂರ್ತಿ ಅರ್ಥವಾಯಿತು. ಅತಿಥಿಯನ್ನು ಹೊತ್ತಿಗೆ ಸರಿಯಾಗಿ ತರಲಾಗದವರು ತನ್ನ ಮಗನ ಜೆರ್ಸಿ ಬಿಚ್ಚಿಸಿದ್ದು ಯಾವ ನ್ಯಾಯ ಎಂದಳು.

ಅವನು ತಲೆ ತಗ್ಗಿಸಿ ಕೇಳಿ, ಮೆತ್ತಗೆ ಹೇಳಿದ: 'ಅಮ್ಮಾ, ಚೆಂಡು ಬರುವಾಗ ನಿಂತುಬಿಡುವ ಹುಡುಗನನ್ನು ನಾನು ಹೇಗೆ ನಂಬಲಿ? ಅವನು ಬೇಕೆಂದೇ ಬಿಟ್ಟ ಅಂತ ಎಷ್ಟು ಜನ ಹೇಳ್ತಿದಾರೆ ಗೊತ್ತಾ? ಎದುರು ತಂಡದವರ ಹತ್ತಿರ ಏನೋ ತಗೊಂಡಿದಾನೆ ಅಂತಾರೆ.'

ಇದು ದೇವಮ್ಮನಿಗೆ ಗೊತ್ತಿರಲಿಲ್ಲ. ಸೆಲ್ಯೂಟ್ ಎಂದರೆ ತಮಾಷೆ, ಬಿಡು ಅನ್ನಬಹುದು. ಕಳ್ಳ ಎಂದರೆ ಮುಂದೆ ಯಾವ ಊರಿನಲ್ಲಿ ತಲೆ ಎತ್ತುವುದು? ಹುಡುಗ ಗೋಡೆಗೆ ಮುಖ ಮಾಡಿ ಮಲಗಿದ್ದು ಇದಕ್ಕೇ ಎಂದು ಆಗ ತಿಳಿಯಿತು. ಅವನು ಇನ್ನೊಮ್ಮೆ ಗೋಲಿನಲ್ಲಿ ನಿಂತು ತೋರಿಸದ ಹೊರತು ಈ ಮಾತು ಸಾಯುವುದಿಲ್ಲ ಎಂದೂ ತಿಳಿಯಿತು.

'ಇವತ್ತು ಸಂಜೆ ನಮ್ಮ ಮನೆಗೆ ಟೀಗೆ ಬನ್ನಿ' ಎಂದಳು. 'ನಿಮ್ಮ ಕಣ್ಣಿಂದಲೇ ನೋಡಿ. ಆಮೇಲೆ ಕಳ್ಳ ಅನ್ನಿ.'

ಟೀಗೆ ಕರೆದ ಹೆಂಗಸಿಗೆ ಇಲ್ಲ ಅನ್ನಲು ಬಾರದ ಮನುಷ್ಯ, ಬಂದ. ದೇವಮ್ಮ ಒಳಗೆ ಕೂರಿಸಲಿಲ್ಲ. ಮೆಟ್ಟಿಲ ಮೇಲೆ ಲೋಟ ಕೊಟ್ಟು ಕೂರಿಸಿದಳು. ಎದುರಿಗೆ ಕ್ವಾರ್ಟರ್ಸಿನ ಬೀದಿ. ಹುಡುಗರು ಬುಗುರಿ ಆಡುತ್ತಿದ್ದರು, ಒಬ್ಬಳು ನಲ್ಲಿಯಿಂದ ನೀರು ಹೊತ್ತು ಬರುತ್ತಿದ್ದಳು, ತಿಮ್ಮಯ್ಯ ಬನಿಯನ್ ಲುಂಗಿಯಲ್ಲಿ ಮುಖಕ್ಕೆ ಸೋಪು ಹಚ್ಚಿಕೊಂಡು ಗಡ್ಡ ಕೆರೆಯುತ್ತಿದ್ದ. ಬ್ಯೂಗಲ್ ಊದಿತು. ಇಡೀ ಬೀದಿ ಇದ್ದಲ್ಲೇ ನಿಂತಿತು. ನೀರಿನವಳ ಬಿಂದಿಗೆಯಿಂದ ನೀರು ತುಳುಕಿ ಕುತ್ತಿಗೆಯ ಮೇಲೆ ಇಳಿಯುತ್ತಿದ್ದರೂ ಒರೆಸಿಕೊಳ್ಳಲಿಲ್ಲ. ಮೂರು ವರ್ಷದ ಒಂದು ಕೂಸು ಮೂಗಿನಲ್ಲಿ ಸಿಂಬಳ ಸುರಿಸುತ್ತಾ ಹಿಮ್ಮಡಿ ಜೋಡಿಸಿ ನಿಂತಿತ್ತು. ತಿಮ್ಮಯ್ಯನ ಅರ್ಧ ಗಡ್ಡ ಸೋಪಿನಲ್ಲಿತ್ತು. ಬುಗುರಿ ಮಾತ್ರ ತಿರುಗಿ ತಿರುಗಿ ಬಿತ್ತು. ಒಳಗೆ ಮಲಗಿದ್ದ ಅಶ್ವತ್ಥನೂ ಎದ್ದು ಮಂಚದ ಪಕ್ಕ ನಿಂತದ್ದು ಕಿಟಕಿಯಲ್ಲಿ ಕಂಡಿತು. ಅಪ್ಪನ ಮೇಲಿನ ಸಿಟ್ಟು ಅಪ್ಪನ ಮೇಲೆ, ಕಾಲು ಕಾಲಿನ ಪಾಡಿಗೆ.

ರಾಮಮೋಹನ್ ಟೀ ಲೋಟ ತುಟಿಯ ಬಳಿ ಹಿಡಿದವನು ಹಾಗೇ ಇದ್ದ. ಎಲ್ಲ ಮುಗಿದ ಮೇಲೆ ತಿಮ್ಮಯ್ಯನ ಕಡೆ ತಿರುಗಿ, 'ಸಾರ್, ಅವತ್ತು ನೀವು ಗೋಲಿನಲ್ಲಿದ್ದಿದ್ರೆ?' ಎಂದ.

'ನಿಲ್ತಿದ್ದೆ' ಎಂದ ತಿಮ್ಮಯ್ಯ, ಒಂದಿಷ್ಟೂ ಯೋಚಿಸದೆ.

ಮೇಷ್ಟ್ರು ದೇವಮ್ಮನ ಮುಖ ನೋಡಿದ. ಅವಳು ಖಾಲಿ ಲೋಟ ಇಸಿದುಕೊಂಡಳು.

'ಬೆಜವಾಡದಲ್ಲಿ ಬ್ಯೂಗಲ್ ಇಲ್ಲಮ್ಮಾ' ಎಂದ ಅವನು. 'ಹುಡುಗನನ್ನು ಕಳಿಸಿ. ನೀವಿಬ್ಬರೂ ಬನ್ನಿ.'

ಜೆರ್ಸಿ ವಾಪಸು ಬಂತು. ಜಗನ್ಮೋಹನ್ ತಾನೇ ತಂದು ಕೊಟ್ಟು, ಅಭ್ಯಾಸ ಬಲದಿಂದ ಅಡುಗೆಮನೆಯ ಕಡೆ ಕಣ್ಣು ಹಾಯಿಸಿದ. ದೇವಮ್ಮ ನೀರು ಸಹ ಕೊಡಲಿಲ್ಲ. ಅಶ್ವತ್ಥ ಗೋಡೆಯ ಕಡೆಯಿಂದ ಈ ಕಡೆ ಹೊರಳಿದ, ಎದ್ದ, ಎರಡು ಮುದ್ದೆ ಉಂಡ. ಅಪ್ಪನ ಕಡೆ ನೋಡಲಿಲ್ಲ.

ತಿಮ್ಮಯ್ಯನ ಹಡಗು ರಿಪೇರಿಗೆ ನಿಂತಿತ್ತು, ರಜೆ ಸಿಕ್ಕಿತು. ಮಗನ ಒಂದು ಆಟವನ್ನೂ ಅವನು ಈ ತನಕ ನೋಡಿರಲಿಲ್ಲ. ಪ್ರತಿ ಸಲವೂ ಸಮುದ್ರದಲ್ಲೇ ಇರುತ್ತಿದ್ದ. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬೆಳಗಿನ ಗಾಡಿಯಲ್ಲಿ ಕಿಟಕಿ ಪಕ್ಕ ಕೂತ. ತುನಿ ದಾಟಿದ ಮೇಲೆ ಒಮ್ಮೆ, 'ಚೆನ್ನಾಗಿ ಹಿಡೀತಾನಂತೆ ಅಲ್ವಾ?' ಎಂದ. ಆ ದನಿಯಲ್ಲಿದ್ದ ಆಸೆ ಕೇಳಿ ದೇವಮ್ಮನಿಗೆ ಕನಿಕರ ಬರಬೇಕಿತ್ತು, ಬರಲಿಲ್ಲ. ಗೋದಾವರಿ ಬಂದಾಗ ಎಲ್ಲರ ಹಾಗೆ ಅವಳೂ ನೀರಿಗೆ ಕಾಸು ಹಾಕಿ ಕೈ ಮುಗಿದಳು.

ಬೆಜವಾಡದ ಮೈದಾನದಲ್ಲಿ ಜನ ಕಿಕ್ಕಿರಿದಿದ್ದರು. ದೇವಮ್ಮ ಬೆಟ್ಟದ ಮೇಲಿನ ದುರ್ಗಮ್ಮನಿಗೆ ಕೆಳಗಿನಿಂದಲೇ ಒಂದು ನಮಸ್ಕಾರ ಹಾಕಿ, ಮಗ ನಿಲ್ಲುವ ಗೋಲಿನ ಹತ್ತಿರದ ಮೆಟ್ಟಿಲ ಮೇಲೆ ಗಂಡನನ್ನು ಕೂರಿಸಿಕೊಂಡಳು. ಆಟ ಶುರುವಾಗಿ ಸ್ವಲ್ಪ ಹೊತ್ತಿಗೆ ಅವರ ಹಿಂದಿನಿಂದ, ಮೇಲಿನ ಸಾಲಿನಲ್ಲಿ, ಒಂದು ಬ್ಯೂಗಲ್ 'ಪೋಂ' ಎಂದಿತು. ಊರಿನ ಹುಡುಗರೆಲ್ಲ ಘೊಳ್ಳೆಂದರು. ಕೆಟ್ಟ ಸುದ್ದಿಗೆ ಟಿಕೆಟ್ ಬೇಕಿಲ್ಲ, ವಿಶಾಖಪಟ್ಟಣದಿಂದ ಅದು ಇವರಿಗಿಂತ ಮೊದಲೇ ಬಂದು ಇಳಿದಿತ್ತು. ಯಾವನೋ ಎನ್‌ಸಿಸಿ ಹುಡುಗ ಬ್ಯೂಗಲ್ ತಂದಿದ್ದ. ಅಶ್ವತ್ಥನ ಕೈಗೆ ಚೆಂಡು ಬಂದಾಗಲೆಲ್ಲ ಒಂದು ಪೋಂ, ಹಿಂದೆಯೇ ನೂರು ಜನ ಎದ್ದು ಸೆಲ್ಯೂಟ್. ಮೊದಮೊದಲು ಅವನ ಭುಜ ಬೆಚ್ಚುತ್ತಿತ್ತು. ಆಮೇಲೆ ಹಲ್ಲು ಕಚ್ಚಿಕೊಂಡು ಆಡಿದ. ಒಂದು ಚೆಂಡನ್ನು ಗುದ್ದಿ ಹೊರಗಟ್ಟಿದ, ಇನ್ನೊಂದಕ್ಕೆ ಎದುರಾಳಿಯ ಕಾಲಿಗೇ ಬಿದ್ದು ಹಿಡಿದ. ತಿಮ್ಮಯ್ಯ ತೊಡೆಯ ಮೇಲೆ ಮುಷ್ಟಿ ಬಿಗಿದು ಮುಂದಕ್ಕೆ ಬಾಗಿದ್ದ. 'ಅರೆ, ಅರೆ' ಎನ್ನುತ್ತಿದ್ದ. ಅಂಥ ಮುಖವನ್ನು ದೇವಮ್ಮ ಮದುವೆಯಾದ ಹೊಸದರಲ್ಲಿ ನೋಡಿದ್ದಳು, ಆಮೇಲೆ ನೋಡಿರಲಿಲ್ಲ. ಒಂದು ಗಳಿಗೆ ಅವಳ ಸಿಟ್ಟೂ ಸಡಿಲವಾಯಿತು.

ಎರಡೂ ಕಡೆ ಗೋಲಿಲ್ಲದೆ ಹೊತ್ತು ಇಳಿಯುತ್ತಾ ಬಂತು. ಆಗ ಜಗನ್ಮೋಹನ್ ಗೋಲಿನ ಹತ್ತಿರವೇ ಒಬ್ಬನನ್ನು ಅಡ್ಡಗಾಲು ಕೊಟ್ಟು ಬೀಳಿಸಿದ. ರೆಫ್ರಿ ಸೀಟಿ ಊದಿ ಪೆನಾಲ್ಟಿ ತೋರಿಸಿದ. ತಿಂದ ಮುದ್ದೆಗೆ ಇಷ್ಟಾದರೂ ಋಣ ತೀರಿಸಬೇಡವೇ, ಪಾಪ.

ಈಗ ಅಶ್ವತ್ಥ ಒಬ್ಬನೇ. ಬೆಜವಾಡದ ಹುಡುಗ ಚೆಂಡು ಇಟ್ಟು ಹಿಂದಕ್ಕೆ ಸರಿದ. ಮೈದಾನವೆಲ್ಲ ಮೌನವಾಯಿತು. ಆ ಮೌನದಲ್ಲಿ ಬ್ಯೂಗಲ್ ಊದಿತು. ಈ ಸಲ ಪೋಂ ಅಲ್ಲ. ಆ ಎನ್‌ಸಿಸಿಯವನು ಕ್ಯಾಂಪಿನಲ್ಲಿ ಕಲಿತ ಬಾವುಟ ಇಳಿಸುವ ರಾಗವನ್ನೇ, ಮೊದಲಿನಿಂದ, ಸರಿಯಾಗಿ ಊದಿದ.

ತಿಮ್ಮಯ್ಯ ಎದ್ದ.

ದೇವಮ್ಮ ಅವನ ಅಂಗಿಯ ತುದಿ ಹಿಡಿದು ಎಳೆದಳು. 'ಕುಂತ್ಕಳಿ. ಅದು ಬಾವುಟದ್ದಲ್ಲ, ನಿಮ್ ಮಗನ್ನ ಆಡ್ಕೊಂಡು ಊದ್ತಾವ್ನೆ. ಕುಂತ್ಕಳಿ ಅಂದೆ.' ಅವಳ ಮಾತು ಅವನನ್ನು ಮುಟ್ಟಲಿಲ್ಲ. ಗೊತ್ತಿದ್ದೂ ಎದ್ದನೋ, ಗೊತ್ತಾಗುವ ಮೊದಲೇ ಎದ್ದನೋ, ಅವಳಿಗೆ ಅವತ್ತೂ ತಿಳಿಯಲಿಲ್ಲ, ಆಮೇಲೂ ತಿಳಿಯಲಿಲ್ಲ. ಹಿಮ್ಮಡಿ ಜೋಡಿಸಿ ಬ್ಯೂಗಲ್ ಬರುತ್ತಿದ್ದ ಕಡೆ ತಿರುಗಿ ನಿಂತ. ಬ್ಯೂಗಲ್ ಹಿಂದಿತ್ತು. ಮಗ ಮುಂದಿದ್ದ.

ದೇವಮ್ಮ ಗಂಡನನ್ನು ಬಿಟ್ಟು ಮೈದಾನದ ಕಡೆ ನೋಡಿದಳು. ಗೋಲಿನ ಗೆರೆಯ ಮೇಲೆ ಅಶ್ವತ್ಥನ ಹಿಮ್ಮಡಿಗಳು ಹತ್ತಿರ ಬರುತ್ತಿದ್ದವು. ಚಾಚಿದ್ದ ಕೈಗಳು ತೊಡೆಯ ಕಡೆ ಇಳಿಯುತ್ತಿದ್ದವು. ಐದು ವರ್ಷದ ಹುಡುಗ ಚಡ್ಡಿ ಒದ್ದೆ ಮಾಡಿಕೊಂಡು ನಿಂತದ್ದು ಅವಳ ಕಣ್ಣಿಗೆ ಬಂತು. ಅವಳ ಹಿಮ್ಮಡಿಗಳೂ ಹಳೆಯ ಅಭ್ಯಾಸದಂತೆ ಜೋಡಿಕೊಳ್ಳಹೊರಟವು. ಸಾಕು ಅಂದುಕೊಂಡಳು. ಎದ್ದು ನಿಂತಳು.

'ಮಗಾ, ಚೆಂಡು ಕಣ್ಲಾ, ಚೆಂಡು ನೋಡು!'

ಸಾವಿರಾರು ತೆಲುಗು ಬಾಯಿಗಳಿದ್ದ ಆ ಮೈದಾನದಲ್ಲಿ ಅದೊಂದೇ ಕನ್ನಡದ ಕೂಗು. ಅದು ಮುಟ್ಟಬೇಕಾದವನು ಒಬ್ಬನೇ, ಮುಟ್ಟಿತು. ಅಶ್ವತ್ಥನ ಹಿಮ್ಮಡಿಗಳು ಬಿಟ್ಟುಕೊಂಡವು. ಬೆಜವಾಡದವನು ಓಡಿ ಬಂದು ಒದ್ದ. ಅಶ್ವತ್ಥ ತನ್ನ ಎಡಗಡೆಗೆ, ಉದ್ದಕ್ಕೆ, ಇಡೀ ಮೈಯನ್ನೇ ಎಸೆದ ಹಾಗೆ ಹಾರಿದ. ಚೆಂಡು ಅವನ ಬೆರಳಿಗೆ ತಾಗಿ, ಕಂಬಕ್ಕೆ ಬಡಿದು, ಹೊರಗೆ ಹೋಯಿತು.

ಬ್ಯೂಗಲ್ ನಡುವೆಯೇ ನಿಂತಿತು. ತಿಮ್ಮಯ್ಯ ತಿರುಗಿ ನೋಡುವಷ್ಟರಲ್ಲಿ ಅಶ್ವತ್ಥ ಮಣ್ಣಿನಿಂದ ಏಳುತ್ತಿದ್ದ, ತಂಡದವರು ಅವನ ಮೇಲೆ ಬೀಳುತ್ತಿದ್ದರು, ಮೊದಲು ಬಿದ್ದವನು ಜಗನ್ಮೋಹನ್. 'ಏನಾಯ್ತು? ಏನಾಯ್ತು?' ಎಂದು ತಿಮ್ಮಯ್ಯ ಕೇಳಿದ. ಹಿಂದಿನ ಸಾಲಿನ ಹುಡುಗರು ಅವನಿಗೂ ಒಂದು ಸೆಲ್ಯೂಟ್ ಹೊಡೆದು ನಕ್ಕರು. ದೇವಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಮೇಲಿನ ಸಾಲಿಗೆ ಹತ್ತಿ, ಬಾಯಿಬಿಟ್ಟುಕೊಂಡು ಕೂತಿದ್ದ ಎನ್‌ಸಿಸಿಯವನ ಕೈಯಿಂದ ಬ್ಯೂಗಲ್ ಕಿತ್ತುಕೊಂಡಳು. 'ನಿನ್ನ ಬಾಯಿಗೆ ಮಣ್ಣಾಕ' ಎಂದು ಅಚ್ಚ ನಾಗಮಂಗಲದ ಮಾತಿನಲ್ಲಿ ಹರಸಿ, ಆಟ ಮುಗಿಯುವ ತನಕ ಅದನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಳು. ಅವನು ವಾಪಸು ಕೇಳುವ ಧೈರ್ಯ ಮಾಡಲಿಲ್ಲ.

ಬೆಳಕು ಹೋದದ್ದರಿಂದ ಪಂದ್ಯ ಗೋಲಿಲ್ಲದೆ ಮುಗಿಯಿತು. ಎರಡೂ ತಂಡ ಗೆದ್ದಂತೆ, ಷೀಲ್ಡ್ ಆರಾರು ತಿಂಗಳು ಒಬ್ಬೊಬ್ಬರಿಗೆ ಎಂದರು. ಮೊದಲು ಯಾರಿಗೆಂದು ನಾಣ್ಯ ಚಿಮ್ಮಿದಾಗ ಅದೂ ಬೆಜವಾಡದವರಿಗೇ ಬಿತ್ತು. ಯಾರಿಗೆ ಬೇಕು ಆ ತಗಡು. ರಾಮಮೋಹನ್ ಬಂದು ದೇವಮ್ಮನಿಗೆ ಎರಡೂ ಕೈ ಜೋಡಿಸಿದ. ಅಶ್ವತ್ಥನನ್ನು ಕಳ್ಳ ಎನ್ನುವ ಬಾಯಿ ಇನ್ನು ವಿಶಾಖಪಟ್ಟಣದಲ್ಲಿ ಉಳಿದಿರಲಿಲ್ಲ.

ವಾಪಸು ಗಾಡಿಯಲ್ಲಿ ತಂಡದ ಹುಡುಗರು ಆ ಕಡೆ ಡಬ್ಬಿಯಲ್ಲಿ ಹಾಡುತ್ತಿದ್ದರು. ಅಶ್ವತ್ಥ ಅವ್ವನ ಪಕ್ಕ ಬಂದು ಕೂತ, ಮೊಣಕೈ ತರಚಿತ್ತು. ತಿಮ್ಮಯ್ಯ ಎದುರಿಗಿದ್ದ. ಏಲೂರು ಸ್ಟೇಷನ್ ದಾಟಿತು. ಕೊನೆಗೆ ಕೇಳಿದ.

'ಯಾವ ಕಡೆಗೆ ಹಾರ್ದೆ?'

ಅಶ್ವತ್ಥ ಅವ್ವನ ಮುಖ ನೋಡಿದ.

'ಯೋಳ್ಬೇಡ ಕಣ್ಲಾ' ಎಂದಳು ದೇವಮ್ಮ. 'ಅವ್ರೂ ಅಲ್ಲೇ ಇದ್ರಲ್ಲ. ಕಾಸು ಕೊಟ್ಟು ಟಿಕೆಟ್ ತಗಂಡು ಬಂದಿದ್ರಲ್ಲ.'

ತಿಮ್ಮಯ್ಯ ಕಿಟಕಿಯ ಕಡೆ ತಿರುಗಿದ, ಹೊರಗೆ ಕತ್ತಲೆ ಬಿಟ್ಟರೆ ಏನೂ ಇರಲಿಲ್ಲ.

ಮಾರನೆಯ ದಿನ ಸಂಜೆ ದೇವಮ್ಮ ಮನೆಯ ಮುಂದಿನ ತಂತಿಯಿಂದ ಬಟ್ಟೆ ತೆಗೆಯುತ್ತಿದ್ದಳು. ಬಟ್ಟೆ ನಡುವೆ ಕೆಸರು ಹೋಗಿ ಬೆಳ್ಳಗಾದ ಗೋಲ್ ಕೀಪರನ ಜೆರ್ಸಿಯೂ ಇತ್ತು. ತಿಮ್ಮಯ್ಯ ಮೆಟ್ಟಿಲ ಮೇಲಿದ್ದ. ಬ್ಯೂಗಲ್ ಊದಿತು. ಅವನು ಎದ್ದು ನಿಂತ. ಬೀದಿ ನಿಂತಿತು, ಕೋಟೇಶ್ವರಮ್ಮ ಮೊರ ಹಿಡಿದು ನಿಂತಳು, ಮಕ್ಕಳು ನಿಂತವು.

ದೇವಮ್ಮನ ಕೈ ನಿಲ್ಲಲಿಲ್ಲ. ಒಂದೊಂದೇ ಕ್ಲಿಪ್ಪು ಬಿಡಿಸಿದಳು. ಬ್ಯೂಗಲ್ ನಡುವೆಯೂ ಕ್ಲಿಪ್ಪುಗಳು ಡಬ್ಬಿಗೆ ಬೀಳುವ ಸದ್ದು ಬೀದಿಯ ಕೊನೆಯ ತನಕ ಕೇಳಿಸಿತು. ಕೋಟೇಶ್ವರಮ್ಮ ಕಣ್ಣರಳಿಸಿದಳು, ಕತ್ತು ತಿರುಗಿಸಲಿಲ್ಲ. ದೇವಮ್ಮ ಬಟ್ಟೆಗಳನ್ನು ತೋಳಿನ ಮೇಲೆ ಹಾಕಿಕೊಂಡು ನಡೆದು ಬಂದು ಗಂಡನ ಮುಂದೆ ನಿಂತಳು. ಜೆರ್ಸಿಯನ್ನು ಅವನ ಭುಜದ ಮೇಲೆ ಹಾಕಿದಳು. ಅವನು ಅಲುಗಾಡುವ ಹಾಗಿರಲಿಲ್ಲ, ಮಾತಾಡುವ ಹಾಗೂ ಇರಲಿಲ್ಲ.

'ಎಡಗಡೀಕೆ' ಎಂದಳು. 'ನಿಮ್ ಮಗ ಎಡಗಡೀಕೆ ಆರ್ದ. ಅಷ್ಟುದ್ದ.'

ತಿಮ್ಮಯ್ಯನ ಕಣ್ಣು ತುಂಬಿ ನೀರು ಕೆನ್ನೆಯ ಮೇಲೆ ಇಳಿಯಿತು. ಒರೆಸಿಕೊಳ್ಳಲು ಅವನು ಕೈ ಎತ್ತಲಿಲ್ಲ, ಬ್ಯೂಗಲ್ ಇನ್ನೂ ಮುಗಿದಿರಲಿಲ್ಲ. ದೇವಮ್ಮ ಬಟ್ಟೆ ಮಡಿಸಲು ಒಳಗೆ ಹೋದಳು.